ಫ್ಲೆಕ್ಸಿನ ಮೇಲಿನ ಹೆಬ್ಬೆಟ್ಟು

“ಹೆಬ್ಬೆಟ್ಟು ಒತ್ತಿ, ಈಗ ಇಲ್ಲ ಅಂತೀಯೇನವ್ವ?” ನೀಲಗಂಗವ್ವ ಶಾಲೆಯ ಗೇಟಿನಲ್ಲೇ ತಡೆದು ಕೇಳಿದಳು. “ಅಲ್ಲಿ ನೋಡು, ನಿನ್ನ ಹೆಬ್ಬೆಟ್ಟು ರೊಟ್ಟಿಯಷ್ಟು ಆಗೇತಿ!”

ಜಯವ್ವ ತಲೆಯೆತ್ತಿ ನೋಡಿದಳು. ರಾಣೇಬೆನ್ನೂರಿನಲ್ಲಿ ಮುದ್ರಿಸಿ ತಂದ ಫ್ಲೆಕ್ಸು ಶಾಲೆಯ ಎದುರಿನ ಕಟ್ಟೆಯ ಮೇಲೆ ನಿಂತಿತ್ತು. ಒಂದು ಬದಿಗೆ ಕೈಮುಗಿದ ಪ್ರಭುಲಿಂಗಪ್ಪ. ಶಾಲಾ ಸಮಿತಿಯ ಅಧ್ಯಕ್ಷ, ಈ ಸಲ ಪಂಚಾಯ್ತಿ ಚುನಾವಣೆಯ ಹುರಿಯಾಳು. ಇನ್ನೊಂದು ಬದಿಗೆ ಸಮಿತಿಯ ಠರಾವಿನ ಫೋಟೋ: ಶಾಲೆಯ ಅರ್ಧ ಮೈದಾನದಲ್ಲಿ ಅಂಗಡಿ ಮಳಿಗೆ ಕಟ್ಟಲು ಒಂಬತ್ತೂ ಸದಸ್ಯರ ಒಪ್ಪಿಗೆ. ‘ಒಡಕಿಲ್ಲದ ಊರು, ಒಮ್ಮತದ ನಾಯಕ.’ ಎಂಟು ಸಹಿ. ಒಂಬತ್ತನೆಯದು ಹೆಬ್ಬೆಟ್ಟು, ಕೆಳಗೆ ಜಯವ್ವನ ಹೆಸರು. ದೊಡ್ಡದು ಮಾಡಿದ್ದರಿಂದ ಅದರ ಒಂದೊಂದು ಗೆರೆಯೂ ನೇಗಿಲ ಸಾಲಿನಂತೆ ಎದ್ದು ಕಾಣುತ್ತಿತ್ತು.

ಆ ಮೈದಾನದಲ್ಲೇ ಅವಳ ಮಗಳು ರೋಹಿಣಿ ದಿನವೂ ಖೋ ಖೋ ಆಡುತ್ತಿದ್ದಳು. ಠರಾವಿನ ದಿನ ಜಯವ್ವ, “ಮಕ್ಕಳ ಜಾಗ ಕೊಡಂಗಿಲ್ಲ,” ಎಂದು ಎದ್ದು ಬಂದಿದ್ದಳು. ಈಗ ಅದನ್ನು ನಂಬುವವರಿರಲಿಲ್ಲ.

ನಂಬದಿರಲು ಊರಿಗೆ ಕಾರಣವೂ ಇತ್ತು. ರೇಷನ್ ಅಂಗಡಿಯ ಶಮಶೇರಸಾಬ ಪ್ರಭುಲಿಂಗಪ್ಪನ ಹಳೆಯ ಗೆಳೆಯ. ಎಲ್ಲರೂ ಸಾಲಿನಲ್ಲಿ ನಿಂತು ಮಷೀನಿಗೆ ಬೆರಳು ಕೊಟ್ಟು ಅಕ್ಕಿ ಒಯ್ಯುತ್ತಾರೆ. ಜಯವ್ವ ಬಂದರೆ ಮಾತ್ರ ಅವನು ಸ್ಟೂಲು ಎಳೆದು ಕೂರಿಸುತ್ತಾನೆ. ಫೋನಿಗೆ ಬಂದ ನಂಬರನ್ನು ರೋಹಿಣಿ ಓದಿ ಹೇಳಿದರೆ ಆಯಿತು, ಅಕ್ಕಿ ಚೀಲಕ್ಕೆ.

“ಆಕೀಗೆ ಬ್ಯಾರೆ ಕಾನೂನು,” ಎನ್ನುತ್ತಿದ್ದಳು ನೀಲಗಂಗವ್ವ. “ಸುಮ್ಮ ಸುಮ್ಮನ ಸಿಗತೈತೇನು?”

ಅಂದು ಪಾಲಕರ ಸಭೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ನೇರವಾಗಿ ಬಂದಿದ್ದ ಜಯವ್ವ ಹಿಂದಿನ ಬೆಂಚಿನಲ್ಲಿ ಕೂತಳು. ಪಕ್ಕದವರು ಎರಡು ಸಲ ಸೀನಿ ದೂರ ಸರಿದರು. ಮುಖ್ಯ ಶಿಕ್ಷಕಿ ಸುರೇಖಾ ಅಕ್ಕೋರು ಅವಳಿಗೆ ಮಾತ್ರ ಚಹಾದ ಲೋಟಕ್ಕೆ ಕರವಸ್ತ್ರ ಸುತ್ತಿ ಕೊಟ್ಟರು. ಅವಳ ಕೈಯಿಂದ ಲೋಟ ಜಾರುವುದನ್ನು ಅವರು ಒಮ್ಮೆ ನೋಡಿದ್ದರು.

“ನಡಾವಳಿ ಪುಸ್ತಕ ಎಲ್ಲಾರ ಮುಂದ ತಗೀರಿ,” ಎಂದಳು ಜಯವ್ವ.

“ಪುಸ್ತಕ ನಮ್ಮ ಮನ್ಯಾಗ ಭದ್ರ ಐತಿ,” ಎಂದ ಪ್ರಭುಲಿಂಗಪ್ಪ. “ಊರ ನಡುವ ಫ್ಲೆಕ್ಸ್ ನಿಲ್ಲಿಸೇನಲ್ಲ! ಇದಕ್ಕಿಂತ ಪಾರದರ್ಶಕ ಇನ್ನೇನು ಬೇಕು?”

“ಅದು ನನ್ನ ಹೆಬ್ಬೆಟ್ಟಲ್ರಿ.”

“ನೀ ಅಂದ್ರ ಆತೇನು ತಂಗಿ? ಹೆಬ್ಬೆಟ್ಟು ತಾಳೆ ನೋಡಾಕ ಬೆಂಗಳೂರಿನ ಲ್ಯಾಬ್ ಬೇಕು. ವರದಿ ಬರೂದ್ರಾಗ ನಾ ಗೆದ್ದಿರತೇನಿ.”

ಸಭೆ ನಕ್ಕಿತು. ಅವನು ದನಿ ತಗ್ಗಿಸಿದ. “ತಪ್ಪಾತಂತ ಒಂದು ಮಾತು ಅಂದುಬಿಡು. ಊರು ಮರೀತೈತಿ.”

“ಊರು ಮರೀಲಿ. ನನ್ನ ಮಗಳು ಮರಿಯಂಗಿಲ್ಲ.” ಜಯವ್ವ ಎದ್ದು ನಿಂತಳು. “ನಾಳೆ ಆಕಿ, ‘ಎಲ್ಲಿ ಓಡ್ಲಿಬೇ?’ ಅಂದ್ರ, ನಿಮ್ಮ ಅಂಗಡಿ ಗ್ವಾಡಿ ತೋರಿಸಲೇನು? ಅಕ್ಕೋರ, ಮಸಿ ಪ್ಯಾಡ್ ಕೊಡ್ರಿ.”

“ಕೊಡ್ರಿ, ಕೊಡ್ರಿ,” ಎಂದ ಪ್ರಭುಲಿಂಗಪ್ಪ ನಗುತ್ತ. “ಇನ್ನೊಂದು ಒತ್ತಲಿ.”

ಸುರೇಖಾ ಅಕ್ಕೋರು ಮೇಜಿನ ಮೇಲೆ ಬಿಳಿ ಹಾಳೆ ಹಾಸಿದರು. ಜಯವ್ವ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ನಿಧಾನವಾಗಿ ಒತ್ತಿದಳು. ಒಂದಲ್ಲ, ಮೂರು ಸಲ. ಆಮೇಲೆ ಹಾಳೆಯನ್ನು ತಾನೇ ಎತ್ತಿ, ಕಿಟಕಿಯಾಚೆ ಕಾಣುತ್ತಿದ್ದ ಫ್ಲೆಕ್ಸಿನ ಪಕ್ಕಕ್ಕೆ ಹಿಡಿದಳು.

“ಲ್ಯಾಬ್ ಬ್ಯಾಡ್ರಿ. ಕಣ್ಣು ಸಾಕು.”

ನಗು ನಿಂತಿತು. ಪ್ರಭುಲಿಂಗಪ್ಪ ಫ್ಲೆಕ್ಸನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿದ. ನೀಲಗಂಗವ್ವ ಎದ್ದು ಬಂದಳು. ತನ್ನ ಸೆರಗಿನಿಂದಲೇ ಜಯವ್ವನ ಬೆರಳಿನ ಮಸಿ ಒರೆಸತೊಡಗಿದಳು.

ಬಾಗಿಲಲ್ಲಿ ನಿಂತಿದ್ದ ಶಮಶೇರಸಾಬ ಕೆಮ್ಮಿದ. “ನನ್ನ ಮಷೀನು ಮೂರು ವರ್ಷದಿಂದ ಇದನ್ನ ಹೇಳಾಕತ್ತೈತ್ರಿ.”

ಹಾಳೆಯ ಮೇಲೆ ಮೂರು ಕರಿ ಕಲೆಗಳಿದ್ದವು, ಗೆರೆ ಒಂದೂ ಇರಲಿಲ್ಲ. ಹದಿನೆಂಟು ವರ್ಷ ತೊಟ್ಟು ಬಿಡಿಸಿದ ಮೆಣಸಿನಕಾಯಿ ಬೆರಳಿನ ಗೆರೆಗಳನ್ನೆಲ್ಲ ಎಂದೋ ಸವೆಸಿಬಿಟ್ಟಿತ್ತು.