ಸೋಮವಾರದ ಹಿಡಿ ರಾಗಿ

ಅವರೆಕಾಯಿ ಕಾಲ. ಬೆಳಗಿನಿಂದ ತಾನು ಕೆಲಸಕ್ಕಿರುವ ಹಾಡಿನ ಟೀಚರ್ ಲವೀನಾ ಮಿಸ್ ಮನೆಯಲ್ಲಿ ಅವರೆಕಾಳು ಹಿಸುಕಿ ಉಗುರೆಲ್ಲ ಹಸಿರಾಗಿತ್ತು. ಮಧ್ಯಾಹ್ನ ಒಂಟಿಕೊಪ್ಪಲಿನ ಸಮುದಾಯ ಭವನಕ್ಕೆ ಬಂದು ಕುರ್ಚಿ ಒರೆಸುತ್ತಿದ್ದ ಸಾಕಮ್ಮ ಸುಮ್ಮನೆ ಗೇಟಿನ ಕಡೆ ಕಣ್ಣು ಹಾಯಿಸಿದಳು. ಕೈಯಲ್ಲಿದ್ದ ಬಟ್ಟೆ ಜಾರಿಬಿತ್ತು.

ಅಲ್ಲೊಬ್ಬ ಮುದುಕ ನಿಂತಿದ್ದ. ಹಣೆಗೆ ಬಳಿದ ಕಪ್ಪು ಬೂದಿಯ ಧೂಳ್ತ, ಹೆಗಲಿಗೆ ಜೋಳಿಗೆ, ಕೈಯಲ್ಲಿ ಬೆತ್ತ. ಗೋಡೆಯ ಪೋಸ್ಟರಿನಲ್ಲಿದ್ದ ಹಾಡುಗಾರರ ಮುಖಗಳ ಮೇಲೆ ಬೆರಳಾಡಿಸುತ್ತಾ ಬಂದು, ಅವಳ ಮಗ ಸಿದ್ದುವಿನ ಮುಖದ ಮೇಲೆ ನಿಲ್ಲಿಸಿದ.

ಹದಿನೇಳು ವರ್ಷ ಕಳೆದಿದ್ದರೂ ಗುರುತು ಸಿಕ್ಕದೆ ಇರುತ್ತದೆಯೇ? ಊರಿನ ನೀಲಗಾರರ ಪುಟ್ಟಣ್ಣ.

ಪೋಸ್ಟರಿಗೆ ಮಗನ ಫೋಟೋ ಬೇಡ ಎಂದು ಅವಳು ಲವೀನಾ ಮಿಸ್‌ಗೆ ಬಡಕೊಂಡಿದ್ದಳು. "ಹೊಸ ಹುಡುಗರು ಕಣಮ್ಮ, ಮುಖ ನೋಡದೆ ಯಾರು ಬರ್ತಾರೆ?" ಎಂದು ಅವರು ನಕ್ಕಿದ್ದರು. ಈಗ ಬರಬಾರದವರೇ ಬಂದಿದ್ದರು.

ಸಿದ್ದು ಐದು ವರ್ಷದವರೆಗೂ ಮಾತಾಡಿರಲಿಲ್ಲ. 'ಇವನಿಗೆ ಬಾಯಿ ಬಂದರೆ ಇವನನ್ನು ನಿನಗೇ ನೀಲಗಾರನಾಗಿ ಬಿಡುತ್ತೇನೆ, ಮನೆಮನೆಗೂ ಹೋಗಿ ನಿನ್ನ ಕಥೆ ಹಾಡಲಿ' ಎಂದು ಸಾಕಮ್ಮ ಸಿದ್ದಪ್ಪಾಜಿಗೆ ಹರಕೆ ಹೊತ್ತಿದ್ದಳು. ಪುಟ್ಟಣ್ಣನೇ ಸಾಕ್ಷಿ. ಬಾಯಿ ಬಂತು. ದೀಕ್ಷೆಗೆ ದಿನವೂ ಗೊತ್ತಾಯಿತು. ಮಗ ಜೋಳಿಗೆ ಹಿಡಿದು ಕಂಡವರ ಬಾಗಿಲಲ್ಲಿ ನಿಲ್ಲುವುದು ಕಣ್ಣಿಗೆ ಕಟ್ಟಿದಂತಾಗಿ, ಅವಳು ಹಿಂದಿನ ದಿನವೇ ಮೊದಲ ಬಸ್ಸಿಗೆ ಅವನನ್ನು ಎತ್ತಿಕೊಂಡು ಮೈಸೂರು ಸೇರಿಬಿಟ್ಟಳು. "ಕೊಟ್ಟ ಬಾಯಿ ಕಿತ್ಕೊಳ್ಳೋಕೆ ಅಪ್ಪಾಜಿಗೆ ಎಷ್ಟೊತ್ತೇ?" ಎಂದು ಅವಳ ಅವ್ವ ಅಂದ ಮಾತು ಕಿವಿಯಿಂದ ಇಳಿದೇ ಇರಲಿಲ್ಲ.

ಆ ಭಯಕ್ಕೇ ಪ್ರತಿ ಸೋಮವಾರ ಅಪ್ಪಾಜಿಯ ಫೋಟೋದ ಮುಂದಿನ ಮಡಕೆಗೆ ಒಂದು ಹಿಡಿ ರಾಗಿ ಹಾಕಿ ಕೈಮುಗಿಯುತ್ತಿದ್ದಳು. ಮಡಕೆ ತುಂಬಿದ ದಿನ ಅದನ್ನು ಹೊತ್ತುಕೊಂಡು ಹೋಗಿ ಕಾಲಿಗೆ ಬೀಳಬೇಕು ಎಂದಿತ್ತು. ಹಾಳು ಇಲಿಗಳು, ಮಡಕೆ ತುಂಬಿದ್ದೇ ಇಲ್ಲ.

ಸಾಕಮ್ಮ ಗೇಟಿಗೆ ಓಡಿದಳು. "ಮಾರ್ಟಿನಣ್ಣ, ಆ ಮುದುಕನ್ನ ಒಳಗೆ ಬಿಡ್ಬೇಡಿ. ಟಿಕೆಟ್ ಕೇಳಿ."

ವಾಚ್‌ಮನ್ ಮಾರ್ಟಿನ್ ಅವಳ ಮುಖ ನೋಡಿದ. "ಟಿಕೆಟ್ ಎಲ್ಲಿಂದ ತರ್ಲಮ್ಮ? ಫ್ರೀ ಪ್ರೋಗ್ರಾಂ ಅಂತ ಊರೆಲ್ಲ ಸಾರಿದೀವಿ. ಆಗ್ಲೇ ಹೋಗಿ ಮುಂದಿನ ಸಾಲಲ್ಲಿ ಕೂತ್ಬುಟ್ರು."

ಅವಳು ವೇದಿಕೆಯ ಹಿಂದಕ್ಕೆ ಓಡಿದಳು. ಸಿದ್ದು ಕರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಒಳಗಿನ ಬಿಳಿ ಅಂಗಿಯ ಕಾಲರಿನ ಮೇಲೆ ಎಂದಿನಂತೆ ಕಪ್ಪು ಕಲೆಯ ನೆರಳು. ಭಾನುವಾರ ಬೆಳಿಗ್ಗೆ ಹೊರಟರೆ ಕತ್ತಲಿಗೆ ಬರುವವನು; ಮೊದಮೊದಲು ಕ್ರಿಕೆಟ್ ಅನ್ನುತ್ತಿದ್ದ, ಆಮೇಲೆ ಪ್ರಾಕ್ಟೀಸ್ ಅನ್ನತೊಡಗಿದ. ಬಸ್ಸಿನ ಕೊಳೆ ಇರಬೇಕು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

"ಹಾಡಿದ ತಕ್ಷಣ ಹಿಂದಿನ ಬಾಗಿಲಿಂದ ಹೊರಟ್ಹೋಗ್ಬುಡು ಮಗ. ಯಾಕೆ ಅಂತ ಕೇಳ್ಬೇಡ."

"ಮುಂದೆ ಕೂತೋರನ್ನ ಮಾತಾಡಿಸದೆ ಹೆಂಗೆ ಹೋಗ್ಲವ್ವ?" ಎಂದು ಸಿದ್ದು ಅವಳ ತಣ್ಣಗಾದ ಕೈ ಹಿಡಿದು ಅದುಮಿದ. "ನೀನು ಯಾಕಿಂಗೆ ನಡುಗ್ತಿದ್ದೀ? ಹಾಡೋನು ನಾನು."

ಹಾಡು ಶುರುವಾಯಿತು. ಮೊದಲು ಒಬ್ಬಳು ಹುಡುಗಿ, ಆಮೇಲೆ ಇಬ್ಬರು ಹುಡುಗರು. ಸಾಕಮ್ಮನಿಗೆ ಯಾವುದೂ ಕೇಳಿಸಲಿಲ್ಲ. ಅವಳ ಕಣ್ಣು ಮುಂದಿನ ಸಾಲಿನಲ್ಲಿದ್ದ ಪುಟ್ಟಣ್ಣನ ಬೋಳು ನೆತ್ತಿಯ ಮೇಲೇ ಇತ್ತು. ಪಕ್ಕಕ್ಕೆ ಬಂದು ನಿಂತ ಲವೀನಾ ಮಿಸ್ ಪಿಸುಗುಟ್ಟಿದರು: "ಈಗ ನಿನ್ನ ಮಗ. ಆಪೆರಾ ಅಂದ್ರೆ ಹಾಡ್ತಾ ಕಥೆ ಹೇಳೋದು. ಇವನ ಹಾಗೆ ಉಸಿರು ಹಿಡಿಯೋರು ನಂಗೆ ಸಿಕ್ಕೇ ಇಲ್ಲ. ಅದು ನಾನು ಕಲಿಸಿದ್ದಲ್ಲ ಸಾಕಮ್ಮ, ಬರುವಾಗಲೇ ತಂದಿದ್ದ. ನಿಮ್ಮ ಮನೆತನದ್ದಾ?"

"ನಮ್ಮ ಮನೇಲಿ ಜಗಳಕ್ಕೆ ಬಿಟ್ರೆ ಯಾರೂ ಬಾಯಿ ತೆಗ್ದೋರಲ್ಲ ಮಿಸ್," ಎಂದಳು.

ಸಿದ್ದುವಿನ ದನಿ ಹಳ್ಳದ ನೀರಿನಂತೆ ತಳದಿಂದ ಎದ್ದಿತು. ಪುಟ್ಟಣ್ಣ ಕಣ್ಣು ಮುಚ್ಚಿದ. ಬೆತ್ತದ ಮೇಲೆ ಬೆರಳುಗಳು ತಾಳ ಹಾಕಿದವು. ಸಿದ್ದು ಉಸಿರೆಳೆದಾಗಲೆಲ್ಲ ಮುದುಕನ ಎದೆಯೂ ಉಬ್ಬುತ್ತಿತ್ತು. ಗಾಳದ ದಾರವನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಿದ್ದಾನೆ ಅನ್ನಿಸಿತು ಸಾಕಮ್ಮನಿಗೆ. ಹಾಡು ತುತ್ತತುದಿಗೆ ಹೋಗಿ, ಒಮ್ಮೆಗೇ ನಿಂತಿತು.

ದನಿ ಹೋಯಿತು! ಅವಳು ಸೆರಗು ಕಚ್ಚಿದಳು.

ಇಲ್ಲ. ಅದು ಹಾಡಿನದೇ ನಿಲುಗಡೆ. ಮತ್ತೆ ಎದ್ದ ದನಿ ಭವನವನ್ನೇ ತುಂಬಿ ಮುಗಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪುಟ್ಟಣ್ಣನೂ ಎದ್ದ, ಜೋಳಿಗೆಗೆ ಕೈ ಹಾಕಿಕೊಂಡು ನೇರ ವೇದಿಕೆಯ ಕಡೆ ಹೆಜ್ಜೆಯಿಟ್ಟ.

ಸಾಕಮ್ಮ ಕುರ್ಚಿಗಳನ್ನು ತಳ್ಳಿಕೊಂಡು ಓಡಿ ಅವನ ಕಾಲಿಗೆ ಬಿದ್ದಳು. "ಮಾತಿಗೆ ತಪ್ಪಿದೋಳು ನಾನು ಗುರುವೇ. ನಂಗೇನು ಬೇಕಾದ್ರೂ ಮಾಡಿ. ನನ್ ಮಗನ್ನ ಮಾತ್ರ ಬುಟ್ಬುಡಿ!"

ಚಪ್ಪಾಳೆ ನಿಂತುಹೋಯಿತು. ಪುಟ್ಟಣ್ಣ ಕಕ್ಕಾಬಿಕ್ಕಿಯಾಗಿ ಅವಳನ್ನೊಮ್ಮೆ, ಸಿದ್ದುವನ್ನೊಮ್ಮೆ ನೋಡಿದ. ಸಿದ್ದು ತಲೆ ತಗ್ಗಿಸಿ ವೇದಿಕೆಯಿಂದ ಇಳಿದು ಬಂದು, ಅವನೆದುರು ಮಂಡಿಯೂರಿ ಕೋಟಿನ ಅಂಚನ್ನು ಜೋಳಿಗೆಯಂತೆ ಒಡ್ಡಿದ. ಮುದುಕ ಒಂದು ಹಿಡಿ ರಾಗಿ ತೆಗೆದು ಅದಕ್ಕೆ ಸುರಿದ.

"ನಿಮ್ಮವ್ವಂಗೆ ಯೋಳೇ ಇಲ್ವೇನ್ಲಾ?" ಎಂದು ಅವನನ್ನು ಗದರಿ, ಸಾಕಮ್ಮನ ಕಡೆ ಬಗ್ಗಿದ.

"ಒಂಬತ್ತು ವರ್ಸದಿಂದ ಭಾನ್ವಾರ ಭಾನ್ವಾರ ಬಂದು ನನ್ ಜೊತೇಲಿ ಮನೆಮನೆ ಮುಂದೆ ಹಾಡ್ತಾವ್ನೆ ಕಣವ್ವ ಇವ್ನು; ಬಂದಾಗೆಲ್ಲ ನಮ್ಮವ್ವ ಕೊಟ್ಲು ಅಂತ ಹಿಡಿ ರಾಗಿ ತರ್ತಿದ್ನಲ್ಲ, ಅದು ನೀನು ಕಳಿಸ್ತಿದ್ದುದಲ್ವಾ?"