ವಯರಿನ ಗಂಟುಗಳು

ಟ್ರ್ಯಾಕ್ಟರ್ ಟ್ರಾಲಿಯ ಹಿಂದೆ ಹೊಳೆಯುವ ರೇಡಿಯಂ ಪಟ್ಟಿ ಇರಲಿಲ್ಲವೋ, ಇದ್ದದ್ದು ಅಪ್ಪನಿಗೆ ಕಾಣಲಿಲ್ಲವೋ? ಸಂಜೆ ಐದೂವರೆಗೆ, ಇನ್ನೂ ಬೆಳಕಿರುವಾಗ, ಭತ್ತ ತುಂಬಿ ನಿಂತ ಅಷ್ಟು ದೊಡ್ಡ ಟ್ರಾಲಿ ಯಾರ ಕಣ್ಣಿಗೆ ತಪ್ಪೀತು? ಸಿದ್ದಲಿಂಗೇಶ್ ಸ್ಕ್ರೂಡ್ರೈವರ್ ಕೆಳಗಿಟ್ಟು ಮತ್ತೊಮ್ಮೆ ಬೈಕಿನ ಕಿಕ್ ಹೊಡೆದ. ಅಪ್ಪ ಬೈಕನ್ನು ಅದಕ್ಕೆ ಗುದ್ದಿದಾಗ ಒಡೆದದ್ದು ಹೆಡ್‌ಲೈಟ್ ಮಾತ್ರ. ಅದರ ಜಾಗಕ್ಕೆ ಹೊಸದು ಕೂರಿಸಿ ಒಂದು ತಾಸಾಗಿತ್ತು. ಹತ್ತಿರಕ್ಕೆ ಬೀಳುವ ಡಿಪ್ಪಿಗೆ ಇಟ್ಟರೆ ದೂರದ ಅಪ್ಪರ್ ಉರಿಯುತ್ತಿತ್ತು. ಅಪ್ಪರಿಗೆ ತಳ್ಳಿದರೆ ಎರಡೂ ಸೇರಿ ಎಣ್ಣೆ ತೀರಿದ ದೀಪದಂತೆ ಮಿಣುಕುತ್ತಿದ್ದವು.

ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ತನ್ನೂರು ಮೆಟ್ರಿಗೆ ಬಂದವನಿಗೆ ಇನ್ನೂ ನಿದ್ದೆಯಾಗಿರಲಿಲ್ಲ. ಕಾಲರಿನ ಕೆಂಪು ಧೂಳು ಕತ್ತನ್ನು ಉಜ್ಜುತ್ತಿತ್ತು. ಅವ್ವ ಹಂಪಮ್ಮ ಚಹಾ ಕೊಡುವ ನೆವದಲ್ಲಿ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ದನಿ ತಗ್ಗಿಸಿದಳು.

"ಹೇಳಿದೇನು?"

"ಇಲ್ಲ."

"ನಾಳೆ ಮುಂಜಾನಿ ನಿಮ್ಮಪ್ಪ ಮಿಲ್ಲಿಗೆ ಹೊಂಟಾರ, ಮೋಟ್ರಿನ ಸ್ಟಾರ್ಟರ್ ಬಿಚ್ಚಾಕ. ಸಕ್ಕರಿ ಕಾಯಿಲೆ ಕಣ್ಣಿಗೆ ಇಳದೈತಿ ಅಂತ ಡಾಕ್ಟ್ರು ಅಂದಿದ್ದು ನನಗೊಬ್ಬಾಕಿಗೇ ಕೇಳ್ಸೈತೇನು? ಇನ್ನ ಸಾಕು ಅಂತ ನೀನ ಹೇಳು."

"ನಾ ಹೇಳಿದ್ರ ಸಿಟ್ಟಿಗೆ ಕುಣೀತಾನಬೇ."

"ಕುಣೀಲಿ ಬಿಡು. ಜೀವ ಆದ್ರೂ ಉಳೀತೈತಿ." ಖಾಲಿ ಲೋಟ ಕಿತ್ತುಕೊಂಡು ಒಳಗೆ ಹೋದಳು.

ಅಪ್ಪ ಕೊಟ್ರಯ್ಯ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಕಂಪ್ಲಿಯ ಅಕ್ಕಿ ಮಿಲ್ಲುಗಳಿಗೆ ಮೂವತ್ತು ವರ್ಷ ವಯರಿಂಗ್ ಮಾಡಿದವನು. ಮಗ ಚಡ್ಡಿ ಹಾಕುವ ಕಾಲಕ್ಕೇ ಕೈಗೆ ವಯರ್ ಕೊಟ್ಟು ಕಲಿಸಿದ್ದು ಒಂದೇ ನಿಯಮ: ಬಣ್ಣಕ್ಕೆ ಬಣ್ಣ ಕೂಡಿಸಬೇಕು, ಅಂದಾಜಿಗೆ ಕೈ ಹಾಕಬಾರದು.

"ಇನ್ನೂ ಮುಗೀಲಿಲ್ಲೇನಲೇ? ಐಟಿಐ ಓದ್ಸಿದ್ದು ಲೈಟಿನ ಡೂಮ್ ಹಿಡ್ಕಂಡು ಕುಂದ್ರಾಕೇನು?"

"ನೀ ಹೇಳಿದಂಗ ಬಣ್ಣಕ್ಕ ಬಣ್ಣ ಕೂಡ್ಸೀನಪ್ಪ. ಆದ್ರೂ ಉಲ್ಟಾ ಹತ್ತಾಕತ್ತೈತಿ."

"ಹಂಗಂದ್ರ ನಿನ್ನ ಕಣ್ಣಾಗ ಏನೋ ದೋಷ ಐತಿ." ಕೊಟ್ರಯ್ಯ ಜೋರಾಗಿ ನಕ್ಕ. ಸಿದ್ದಲಿಂಗೇಶನಿಗೆ ನಗು ಬರಲಿಲ್ಲ.

ನೋಡದೆ ಉಳಿದದ್ದು ಒಂದೇ ಜಾಗ. ಎರಡು ವರ್ಷದ ಹಿಂದೆ ಬಲ್ಬಿನ ಹೋಲ್ಡರ್ ಸುಟ್ಟಾಗ, ಇದೇ ಕಟ್ಟೆಯ ಮೇಲೆ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಕೂತು ಅಪ್ಪನೇ ಮೂರು ವಯರಿಗೂ ಒಂದೊಂದು ತುಂಡು ಸೇರಿಸಿದ್ದ. ಅಪ್ಪ ಕಟ್ಟಿದ್ದನ್ನು ಬಿಚ್ಚಿ ನೋಡಬೇಕೆಂದು ಅವನಿಗೆ ಈವರೆಗೆ ಅನ್ನಿಸಿರಲಿಲ್ಲ. ಎಂಜಿನ್ ಆರಿಸಿ ಕಪ್ಪು ಟೇಪನ್ನು ಉಗುರಿನಿಂದ ಎಬ್ಬಿಸಿದ.

ಬೈಕಿನ ಹಸಿರು ವಯರಿಗೆ ನೀಲಿ ತುಂಡು. ಬಿಳಿಗೆ ಹಸಿರು. ನೀಲಿಗೆ ಬಿಳಿ. ಮೂರೂ ಬಣ್ಣ ಕೈಯಲ್ಲಿದ್ದೂ ಒಂದೂ ತನ್ನ ಜೋಡಿಗೆ ಸೇರಿರಲಿಲ್ಲ. ಅವಸರದಲ್ಲಿ ಕಟ್ಟಿರಬೇಕು ಎಂದುಕೊಳ್ಳುವಷ್ಟರಲ್ಲಿ ಬೆರಳಿಗೆ ಏನೋ ತಾಕಿತು. ಅರ್ತಿಂಗಿನ ವಯರ್ ಎರಡೂ ಬದಿಗೆ ನುಣುಪಾಗಿತ್ತು. ಡಿಪ್ಪಿನ ವಯರಿಗೆ ಜೋಡಣೆಯ ಆಚೆ ಈಚೆ ಒಂದೊಂದು ಸಣ್ಣ ಗಂಟು. ಅಪ್ಪರಿನದಕ್ಕೆ ಎರಡೆರಡು. ಒಂದೊಂದೇ ವಯರ್ ಹಚ್ಚಿ ನೋಡಿ, ಸರಿಹೊಂದಿದ್ದಕ್ಕೆ ಗಂಟಿನ ಗುರುತು ಹಾಕಿ, ಗಂಟಿಗೆ ಗಂಟು ಕೂಡಿಸಿದ್ದ ಅಪ್ಪ. ಬಣ್ಣ ಅವನ ಲೆಕ್ಕದಲ್ಲೇ ಇರಲಿಲ್ಲ.

ಎರಡು ವರ್ಷ. ಈ ಎರಡು ವರ್ಷದಲ್ಲಿ ಅಪ್ಪ ಎಷ್ಟು ಮಿಲ್ಲುಗಳ ಪೆಟ್ಟಿಗೆ ಬಿಚ್ಚಿರಬೇಕು, ಎಷ್ಟು ಗಂಟು ಹಾಕಿರಬೇಕು! ಇನ್ನು ಸಾಕು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ನಾಲ್ಕು ಹೆಜ್ಜೆ ಹೋಗಿ ವಯರ್ ತೋರಿಸಿದರಾಯಿತು. ಆದರೆ ತೋರಿಸುವುದು ಯಾರಿಗೆ? ಸಿದ್ದಲಿಂಗೇಶ್ ಕೂತಲ್ಲೇ ಹೋಲ್ಡರಿನ ಹೊಸ ವಯರುಗಳಿಗೂ ಹಾಗೆಯೇ ಗಂಟು ಹಾಕಿದ, ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು. ಗಂಟು ನೋಡಿಕೊಂಡು ಜೋಡಿಸಿ ಕಿಕ್ ಹೊಡೆದ. ಡಿಪ್ಪು ಡಿಪ್ಪಾಗಿ, ಅಪ್ಪರು ಅಪ್ಪರಾಗಿ ಉರಿದವು.

"ಹತ್ತಿತೇನು?" ಕೊಟ್ರಯ್ಯ ಎದ್ದು ಬಂದ. ಹೊಸ ಗಾಜಿನ ಮೇಲೆ ಅಂಗೈ ಇಟ್ಟು ಬಿಸಿ ಏರುವವರೆಗೆ ಹಾಗೆಯೇ ನಿಂತ. "ಹತ್ತೈತಿ. ಆರ್ಸು. ಟೇಪ್ ಸುತ್ತೀಯಿಲ್ಲೋ?"

"ಇನ್ನೂ ಇಲ್ಲ."

ಎಂಜಿನ್ ನಿಂತಿತು. ಅಪ್ಪನ ಬೆರಳುಗಳು ಹೆಡ್‌ಲೈಟಿನ ಹಿಂದೆ ಹೋದವು. ನುಣುಪು ವಯರನ್ನು ಸವರಿ ದಾಟಿದವು. ಒಂದು ಗಂಟಿನ ಬಳಿ ನಿಧಾನವಾದವು. ಹೊಸ ವಯರಿನ ಎರಡು ಗಂಟುಗಳ ಮೇಲೆ ನಿಂತೇಬಿಟ್ಟವು. ತಂದೆ ಮಗ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ನಾಳೆ ಮಿಲ್ಲಿಗೆ ನೀನ ಹೋಗು," ಕೊಟ್ರಯ್ಯ ಕೈ ಹಿಂದೆಳೆದುಕೊಂಡು ಹೇಳಿದ. "ಹೆಂಗೂ ನಿನಗ ರಜಾ ಐತಿ. ಫ್ಯೂಸ್ ಕಿತ್ತು ಕಿಸೇದಾಗ ಇಟ್ಕಂಡು ಆಮ್ಯಾಲ ಕೈ ಹಚ್ಚು. ಗಾಡಿ ಇನ್ನ ನಿನ್ನ ಕಡೀಗೇ ಇರ್ಲಿ."

"ನೀನು?"

"ನನ್ನ ಮಣಕಾಲು ಭಾಳ ನೋಯಾಕತ್ತಾವು. ಏಣಿ ಹತ್ತಾಕ ಆಗಂಗಿಲ್ಲ."

"ಆತಪ್ಪ," ಎಂದು ಸಿದ್ದಲಿಂಗೇಶ್ ಟೇಪು ಸುತ್ತತೊಡಗಿದ.

ಆ ದಿನ ಬೆಳಿಗ್ಗೆ ಅವನು ಪಾಳಿ ಮುಗಿಸಿ ಬಂದಾಗ ಅಪ್ಪ ಮಾಳಿಗೆಯ ನೀರಿನ ಟ್ಯಾಂಕ್ ನೋಡಲು ಏಣಿ ಹತ್ತಿ, ಒಂದು ಕೈಯಲ್ಲಿ ಬಕೆಟ್ ಹಿಡಿದು ಸರಸರ ಇಳಿದಿದ್ದ. ಅದನ್ನು ತಾನು ನೋಡಿದ್ದೆನೆಂದು ಸಿದ್ದಲಿಂಗೇಶ್ ಎಂದೂ ಹೇಳಲಿಲ್ಲ.