ಅಮ್ಮನಿಗೆ ದಿನಕ್ಕೊಂದು ಫೋಟೊ

ಮರುದಿನ ದಿಲ್ಲಿಯ ಆಸ್ಪತ್ರೆಯಲ್ಲಿ ಅವನ ತಲೆಗೆ ಆಪರೇಷನ್. ಕಿವಿ ಕೇಳದ ಅವನ ಅಮ್ಮನಿಗೆ ಮಾತ್ರ, ಗಂಡ ಹೆಂಡತಿ ಒಂದು ವಾರ ಊರು ನೋಡಲು ಹೊರಟಿದ್ದೇವೆಂದು ತಿಳಿಸಿ ಬಂದಿದ್ದರು. ಉಳಿದಿದ್ದ ಆ ಒಂದೇ ದಿನ, ಮೇ ತಿಂಗಳ ಉರಿಬಿಸಿಲಿನಲ್ಲಿ ದಿಲ್ಲಿಯೆಲ್ಲ ಸುತ್ತಿದರು. ಕೆಂಪುಕೋಟೆಯೆದುರು ನೀಲಿ ಅಂಗಿ, ಇಂಡಿಯಾ ಗೇಟಿನಲ್ಲಿ ಗೆರೆಯದು. ಹೋದಲ್ಲೆಲ್ಲ ಅವನು ಅಂಗಿ ಬದಲಿಸಿ ನಿಂತ, ಅವಳು ಫೋಟೊ ತೆಗೆದಳು.

“ಅಮ್ಮಂಗೆ ದಿನಕ್ಕೊಂದು ಕಳ್ಸು. ಅನುಮಾನ ಬರಲ್ಲ.”

“ನಿಮ್ಮಂಥ ಕಳ್ಳ ಮಗ ಯಾರಿಗೂ ಬೇಡಪ್ಪ. ಸಾಕು ರೀ, ವಾರಕ್ಕಾಗೋಷ್ಟು ಆಯ್ತು. ಅಷ್ಟರಲ್ಲಿ ನೀವೇ ಎದ್ದು ಕೂತಿರ್ತೀರ.”

“ಇದೊಂದು ತೆಗಿ.”

ಕುತುಬ್ ಮಿನಾರಿನೆದುರು ಅವನು ಚೀಲದ ತಳದಿಂದ ಉಣ್ಣೆಯ ಸ್ವೆಟರ್ ಎಳೆದು ತೊಟ್ಟುಕೊಂಡ.

“ಈ ಸೆಕೇಲಿ ಸ್ವೆಟರಾ? ಅತ್ತೆ ನಗ್ತಾರೆ.”

“ಇದನ್ನ ಈಗ್ಲೇ ಕಳಿಸ್ಬೇಡ ಕಣೇ. ಡಿಸೆಂಬರಿಗೆ ಇಟ್ಕೋ.”